ದಡ ಸೇರಿದ ರಾಣಿ

ಹಡಗಿನ ಕಂಪನಿಯೊಂದು ಬಾಗಿಲು ಹಾಕಿತೆಂದರೆ ಅದರಲ್ಲಿ ಬರೆಯುವಂಥದೇನಿದೆ ಎಂದು ಓದುಗರು ಕೇಳಬಹುದು. ವ್ಯಾಪಾರವೆಂದ ಮೇಲೆ ಏಳುಬೀಳು ಇದ್ದದ್ದೇ. ಆದರೆ ಅಮೆರಿಕದ ಮಿಸಿಸಿಪಿ, ಓಹಿಯೊ ನದಿಗಳ ಮೇಲೆ ಸಣ್ಣ ಹಡಗುಗಳಲ್ಲಿ ಜನರನ್ನು ಯಾತ್ರೆ ಕರೆದೊಯ್ಯುತ್ತಿದ್ದ ಒಂದು ಉದ್ಯಮ ಮೂರು ಸಲ ಮುಚ್ಚಿತು. ಅದಕ್ಕೂ ಮೊದಲು ಎರಡು ಸಲ ಮುಚ್ಚುವ ಅಂಚಿಗೆ ಬಂದು ಪಾರಾಗಿತ್ತು. ಒಡೆಯರು ಬದಲಾದರು, ಹೆಸರು ಬದಲಾಯಿತು. ಹಡಗನ್ನೇ ನೆಚ್ಚಿಕೊಂಡಿದ್ದ ಯಾತ್ರಿಕರು ಮಾತ್ರ ಪ್ರತಿ ಸಲವೂ, ಇನ್ನು ನಾವು ಯಾವ ಹಡಗು ಹತ್ತಬೇಕು ಎಂದು ದಡದಲ್ಲಿ ನಿಂತರು. ಈ ಕಥೆಯ ನಾಯಕಿ 'ಡೆಲ್ಟಾ ಕ್ವೀನ್' ಎಂಬ ಮರದ ಹಡಗು.

ಪೂರ್ತಿ ಮರದ್ದೆಂದರೆ ತಪ್ಪಾದೀತು. ತಳ ಉಕ್ಕಿನದು, ಸ್ಕಾಟ್ಲೆಂಡಿನ ಕ್ಲೈಡ್ ನದಿಯ ದಡದಲ್ಲಿ ಸಿದ್ಧವಾದ ಭಾಗಗಳನ್ನು ಕ್ಯಾಲಿಫೋರ್ನಿಯದ ಸ್ಟಾಕ್ಟನ್ನಿಗೆ ತಂದು ಜೋಡಿಸಿದ್ದು. ಅದರ ಮೇಲಿನ ಅಂತಸ್ತುಗಳೆಲ್ಲ ಮರ. ಓಕ್, ಮಹಾಗನಿಗಳ ಕೆತ್ತನೆ. ಹಿಂಬದಿಯಲ್ಲಿ ನೀರನ್ನು ಬಡಿದು ಮುಂದೆ ನೂಕುವ ದೊಡ್ಡ ಚಕ್ರ. ಅವಳಿಯಾಗಿ ಕಟ್ಟಿದ 'ಡೆಲ್ಟಾ ಕಿಂಗ್' ಜೊತೆಯಲ್ಲಿ 1927ರಲ್ಲಿ ಇದು ಸ್ಯಾಕ್ರಮೆಂಟೊ ಮತ್ತು ಸ್ಯಾನ್‌ಫ್ರಾನ್ಸಿಸ್ಕೊ ನಗರಗಳ ನಡುವೆ ಓಡಲಾರಂಭಿಸಿತು. ರಾಜ ಒಂದು ಕಡೆಯಿಂದ ಹೊರಟರೆ ರಾಣಿ ಇನ್ನೊಂದು ಕಡೆಯಿಂದ. ರಾತ್ರಿ ಹತ್ತಿದವರು ಬೆಳಗಾಗುವಾಗ ಊರು ಸೇರುವರು. ಹತ್ತು ವರ್ಷ ತುಂಬುವ ಮೊದಲೇ ಕೊಲ್ಲಿಗೆ ಸೇತುವೆಗಳು ಬಂದವು, ಮೋಟಾರು ರಸ್ತೆ ಬಂತು. 1940ರಲ್ಲಿ ಸಂಚಾರ ನಿಂತಿತು. ಯುದ್ಧಕಾಲದಲ್ಲಿ ನೌಕಾದಳ ರಾಣಿಗೆ ಬೂದಿಬಣ್ಣ ಬಳಿದು ಕೊಲ್ಲಿಯಲ್ಲಿ ಸೈನಿಕರನ್ನೂ ಗಾಯಾಳುಗಳನ್ನೂ ಸಾಗಿಸಲು ಬಳಸಿಕೊಂಡಿತು. ಯುದ್ಧ ಮುಗಿಯಿತು, ಸರ್ಕಾರ ಹರಾಜಿಗಿಟ್ಟಿತು.

ಆ ಹರಾಜಿನಲ್ಲಿ ಕೂಗಿದವನು ದೇಶದ ಇನ್ನೊಂದು ಮಗ್ಗುಲಿನ ಸಿನ್ಸಿನಾಟಿಯ ಟಾಮ್ ಗ್ರೀನ್. ಅವನ ತಂದೆ ಗಾರ್ಡನ್ ಗ್ರೀನ್ 1890ರಲ್ಲಿ ಒಂದೇ ಹಡಗಿನಿಂದ ಕಂಪನಿ ಆರಂಭಿಸಿದವನು. ತಾಯಿ ಮೇರಿ ಗ್ರೀನ್ ಗಂಡನ ಪಕ್ಕದಲ್ಲಿ ಸುಮ್ಮನೆ ಕೂತವಳಲ್ಲ. 1896ರಲ್ಲಿ ಚುಕ್ಕಾಣಿ ಹಿಡಿಯುವ ಪರವಾನಗಿಯನ್ನೂ ಮರುವರ್ಷ ಕಪ್ತಾನಳ ಪರವಾನಗಿಯನ್ನೂ ಪಡೆದವಳು. ಮಗ 46,250 ಡಾಲರಿಗೆ ರಾಣಿಯನ್ನು ಕೊಂಡ. ಕೊಂಡದ್ದೇನೋ ಸರಿ, ತರುವುದು ಹೇಗೆ? ನದಿಯಲ್ಲಿ ಓಡಲು ಕಟ್ಟಿದ ಹಡಗು ಮಹಾಸಾಗರದ ಅಲೆಗೆ ತಡೆಯುವುದೆಲ್ಲಿ? ಸುತ್ತಲೂ ಹಲಗೆ ಹೊಡೆದು, ಸಾಮಾನಿನ ಪೆಟ್ಟಿಗೆಯ ಹಾಗೆ ಮುಚ್ಚಿ, 1947ರ ವಸಂತದಲ್ಲಿ ಇನ್ನೊಂದು ಹಡಗಿಗೆ ಕಟ್ಟಿ ಪನಾಮಾ ಕಾಲುವೆಯ ಮೂಲಕ 5,000 ಮೈಲಿಗೂ ಮಿಕ್ಕಿ ಎಳೆದು ತಂದರು. ಆ ಧೈರ್ಯಕ್ಕೆ ಏನೆನ್ನಬೇಕೋ! 1948ರ ಜೂನ್ ಕೊನೆಗೆ ರಾಣಿ ಹೊಸ ನದಿಯಲ್ಲಿ ಹೊಸ ಕೆಲಸಕ್ಕೆ ಹೊರಟಳು. ಇನ್ನು ಊರಿಂದೂರಿಗೆ ತಲಪಿಸುವ ಕೆಲಸವಲ್ಲ, ಯಾತ್ರೆಗೋಸ್ಕರ ಯಾತ್ರೆ.

ಮರುವರ್ಷವೇ ಮೇರಿ ಗ್ರೀನ್ ಹಡಗಿನಲ್ಲೇ ತೀರಿಕೊಂಡಳು. ಹಡಗಿನ ಮೇಲೆ ಮದ್ಯ ಕೂಡದೆಂಬುದು ಆಕೆಯ ಕಟ್ಟಪ್ಪಣೆಯಾಗಿತ್ತಂತೆ. ಆಕೆ ಹೋದ ಮೇಲೆ ಯಾರೋ ಪಾನಗೃಹ ತೆರೆದರೆಂದೂ, ಮೊದಲ ಬಟ್ಟಲು ತುಂಬುವಷ್ಟರಲ್ಲಿ ಬೇರೊಂದು ನಾವೆ ಬಂದು ಬಡಿಯಿತೆಂದೂ, ಆ ನಾವೆಯ ಹೆಸರೇ 'ಮೇರಿ ಬಿ' ಆಗಿತ್ತೆಂದೂ ನದಿಯ ಜನ ಹೇಳುತ್ತಾರೆ. ನಂಬುವುದು ಬಿಡುವುದು ಓದುಗರ ಇಷ್ಟ. 1950ರಲ್ಲಿ ಟಾಮನೂ ಹೋದ. ಅವನ ಹೆಂಡತಿ ಲೀತಾ ನಾಲ್ಕು ಮಕ್ಕಳನ್ನೂ ಸಾಲದ ಹೊರೆಯನ್ನೂ ಹೊತ್ತು ಕಂಪನಿ ನಡೆಸಿದಳು. 1958ರ ಹೊತ್ತಿಗೆ ಇನ್ನಾಗದು ಎಂಬ ಸ್ಥಿತಿ. ಆಗ ಕ್ಯಾಲಿಫೋರ್ನಿಯದ ರಿಚರ್ಡ್ ಸೈಮಂಟನ್ ಎಂಬ ಉದ್ಯಮಿ ಹಣ ಹಾಕಿ ಕಂಪನಿಯನ್ನು ಉಳಿಸಿದ. ಅವನು ಬಂದದ್ದು ಪ್ರಯಾಣಿಕನಾಗಲೆಂದು. ಕಂಪನಿಯೇ ಮುಚ್ಚುವುದರಲ್ಲಿದೆ ಎಂದು ತಿಳಿದು ಪಾಲುದಾರನಾದ. ನೆಚ್ಚಿದ ಹಡಗು ನಿಂತುಹೋದಾಗ ಬೇರೆ ಹಡಗು ಹುಡುಕುವವರು ಬಹಳ ಮಂದಿ. ಹಡಗಿನ ಕಂಪನಿಯನ್ನೇ ಕೊಳ್ಳುವ ಉಪಾಯ ಎಲ್ಲರಿಗೂ ಸಾಧ್ಯವಲ್ಲ.

ಇಲ್ಲಿಂದ ಮುಂದೆ ಕಥೆ ನದಿಯನ್ನು ಬಿಟ್ಟು ಸಮುದ್ರಕ್ಕೆ ಹೋಗುತ್ತದೆ. 1965ರ ನವೆಂಬರ್ 13ರಂದು, ಮಯಾಮಿಯಿಂದ ನಸ್ಸಾವಿಗೆ ಹೊರಟಿದ್ದ 'ಯಾರ್ಮತ್ ಕಾಸಲ್' ಎಂಬ ಹಡಗು ನಡುರಾತ್ರಿಯಲ್ಲಿ ಹೊತ್ತಿಕೊಂಡು ಮುಳುಗಿತು. 90 ಜನ ಸತ್ತರು. ಹಾರುತ್ತಿದ್ದದ್ದು ಪನಾಮಾದ ಧ್ವಜ. ಹತ್ತಿದವರಲ್ಲಿ ಹೆಚ್ಚಿನವರು ಅಮೆರಿಕನ್ನರು. ಆ ಹಡಗಿಗೂ ಮೇಲಂತಸ್ತು ಮರದ್ದು, ಅದೂ 1927ರದೇ. ಮರುವರ್ಷ ಅಮೆರಿಕದ ಕಾಂಗ್ರೆಸ್ಸು ಕಾನೂನು ಮಾಡಿತು: ರಾತ್ರಿ ತಂಗುವ 50 ಅಥವಾ ಹೆಚ್ಚು ಪ್ರಯಾಣಿಕರನ್ನು ಒಯ್ಯುವ ಹಡಗುಗಳು ಬೆಂಕಿ ಹತ್ತದ ವಸ್ತುಗಳಿಂದ ಕಟ್ಟಿದವಾಗಿರಬೇಕು. ಗುರಿಯಿಟ್ಟದ್ದು ಸಮುದ್ರದ ಹಳೆಯ ಹಡಗುಗಳಿಗೆ. ಬಾಣ ನಾಟಿದ್ದು ನದಿಯ ರಾಣಿಗೂ.

ಅದೇ ಕಾನೂನಿನಲ್ಲಿ, ಬಹುಮಂದಿ ಮರೆಯುವ ಇನ್ನೊಂದು ಭಾಗವಿತ್ತು. ಅಮೆರಿಕದ ಬಂದರುಗಳಿಂದ ಹೊರಡುವ ಇಂಥ ಹಡಗಿನ ಕಂಪನಿಗಳು, ಯಾತ್ರೆ ನಡೆಸದೆ ಹೋದರೆ ಪ್ರಯಾಣಿಕರ ಮುಂಗಡ ಹಣ ಹಿಂತಿರುಗಿಸಲು ಜಾಮೀನು ಇಡಬೇಕು ಎಂಬುದು ಅದು. ಒಂದೇ ಶಾಸನದ ಒಂದು ಕೈ ಹಳೆಯ ಹಡಗನ್ನು ದಡಕ್ಕೆ ಕಟ್ಟಿತು; ಇನ್ನೊಂದು ಕೈ, ಕಂಪನಿ ಮುಳುಗಿದ ದಿನ ಯಾತ್ರಿಕನ ಗಂಟನ್ನು ಕಾಯಲು ನಿಂತಿತು. ಡೆಲ್ಟಾ ಕ್ವೀನಿನ ಭಕ್ತರು ಈ ಕಾನೂನನ್ನು ಶಪಿಸುವಾಗ ಎರಡನೆಯ ಕೈಯನ್ನು ನೆನೆಯುವುದಿಲ್ಲ.

ನದಿಯ ಹಡಗಿಗೆ ದಡ ಯಾವಾಗಲೂ ಹತ್ತಿರ, ಸಮುದ್ರದ ಕಾನೂನು ಇದಕ್ಕೇಕೆ ಎಂಬುದು ರಾಣಿಯ ಪರದವರ ವಾದ. ಕಾಂಗ್ರೆಸ್ಸು ಮೊದಲು ಎರಡು ವರ್ಷ, ಬಳಿಕ ಇನ್ನೆರಡು ವರ್ಷ ವಿನಾಯಿತಿ ಕೊಟ್ಟಿತು. 1970ರಲ್ಲಿ ಅದೂ ಮುಗಿಯುವುದರಲ್ಲಿತ್ತು. ಪ್ರಚಾರದ ಹೊಣೆ ಹೊತ್ತ ಬೆಟ್ಟಿ ಬ್ಲೇಕ್ ಎಂಬಾಕೆ ವಾಷಿಂಗ್ಟನ್ನಿನಲ್ಲಿ ಬಾಗಿಲು ಬಾಗಿಲು ತಟ್ಟಿದಳು. ಆ ಶರತ್ಕಾಲದಲ್ಲಿ ರಾಣಿ ಸೇಂಟ್ ಪಾಲ್‌ನಿಂದ ನ್ಯೂ ಆರ್ಲಿಯನ್ಸಿಗೆ 'ಕೊನೆಯ ಯಾತ್ರೆ' ಹೊರಟಾಗ ದಾರಿಯುದ್ದಕ್ಕೂ ಜನ ದಡಕ್ಕೆ ಬಂದು ಬೀಳ್ಕೊಟ್ಟರು. ಸಮಿತಿಯ ಅಧ್ಯಕ್ಷರೇ ವಿರೋಧವಾಗಿದ್ದರಿಂದ, ಕಡೆಗೆ ಸಂಬಂಧವಿಲ್ಲದ ಇನ್ನೊಂದು ಮಸೂದೆಗೆ ಬಾಲಂಗೋಚಿಯಾಗಿ ವಿನಾಯಿತಿಯನ್ನು ಕಟ್ಟಿ ದಾಟಿಸಿದರು. ಆಮೇಲೆ ಕಾಲಕಾಲಕ್ಕೆ ಅದು ಮುಂದುವರಿಯಿತು. 1979ರಲ್ಲಿ ರಾಷ್ಟ್ರಾಧ್ಯಕ್ಷ ಜಿಮ್ಮಿ ಕಾರ್ಟರ್ ಅವರೇ ಸಂಸಾರ ಸಮೇತ ಒಂದು ವಾರ ಇದರಲ್ಲಿ ಪಯಣಿಸಿದರು.

ಈ ನಡುವೆ ಒಡೆತನ ಒಂದು ವಿಮಾನ ಕಂಪನಿಗೆ, ಅಲ್ಲಿಂದ ನ್ಯೂಯಾರ್ಕಿನ ಕೋಕಾಕೋಲಾ ತುಂಬುವ ಕಂಪನಿಗೆ ಹೋಗಿ ಮುಂದಕ್ಕೂ ಸಾಗಿತು. 1976ರಲ್ಲಿ 'ಮಿಸಿಸಿಪಿ ಕ್ವೀನ್', 1995ರಲ್ಲಿ 400ಕ್ಕೂ ಮಿಕ್ಕಿ ಪ್ರಯಾಣಿಕರ 'ಅಮೆರಿಕನ್ ಕ್ವೀನ್' ಸೇರಿದವು. ವ್ಯಾಪಾರ ಚೆನ್ನಾಗಿಯೇ ಇತ್ತು. ಕೆಟ್ಟದ್ದು ದೊಡ್ಡದಾಗುವ ಹಂಬಲದಿಂದ ಎಂದು ನನ್ನ ಅಭಿಪ್ರಾಯ. 'ಅಮೆರಿಕನ್ ಕ್ಲಾಸಿಕ್ ವಾಯೇಜಸ್' ಎಂಬ ಹೆಸರು ತಳೆದಿದ್ದ ಮಾತೃಸಂಸ್ಥೆ, ಸರ್ಕಾರದ ಸಾಲಖಾತರಿಯ ಬಲದಿಂದ, ಒಂದೊಂದೂ 1,900 ಜನ ಹಿಡಿಸುವ ಎರಡು ಸಮುದ್ರದ ಹಡಗುಗಳನ್ನು ಮಿಸಿಸಿಪಿ ರಾಜ್ಯದ ಪಾಸ್ಕಗೂಲದಲ್ಲಿ ಕಟ್ಟಿಸಲು ಹೊರಟಿತು. ಕೆಲಸ ಹಿಂದೆ ಬಿತ್ತು, ಖರ್ಚು ಮುಂದೆ ಓಡಿತು. 2001ರ ಸೆಪ್ಟೆಂಬರ್ 11ರ ದಾಳಿಯಾದ ಮೇಲೆ ಪ್ರವಾಸ ಹೊರಡುವವರೇ ಇಲ್ಲವಾದರು. ಅಕ್ಟೋಬರಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಅರ್ಧಕ್ಕೆ ನಿಂತ ಹಡಗಿನ ಒಡಲು ಜರ್ಮನಿಗೆ ಹೋಗಿ, ಬೇರೆ ಕಂಪನಿಯ ಹಡಗಾಗಿ 2005ರಲ್ಲಿ ಹೊರಬಂತು. ನೂರೆಪ್ಪತ್ತು ಜನರ ಹಡಗಿನಲ್ಲಿ ಹೊಟ್ಟೆ ಹೊರೆದುಕೊಳ್ಳುತ್ತಿದ್ದವರು ಸಾವಿರಗಳ ಲೆಕ್ಕಕ್ಕೆ ಕೈಹಾಕಿದ ಫಲ ಇದು.

2002ರಲ್ಲಿ ಒಬ್ಬರು ಕೊಂಡರು. 2006ರಲ್ಲಿ ಅವರಿಂದ ಇನ್ನೊಬ್ಬರು ಕೊಂಡು 'ಮೆಜೆಸ್ಟಿಕ್ ಅಮೆರಿಕ ಲೈನ್' ಎಂದು ಹೆಸರಿಟ್ಟರು. 2008ರಲ್ಲಿ ಅದೂ ಮುಗಿಯಿತು. ಅದೇ ವರ್ಷ ರಾಣಿಯ ವಿನಾಯಿತಿ ತೀರಿತು. ಸಂಬಂಧಪಟ್ಟ ಸಮಿತಿಯ ಅಧ್ಯಕ್ಷ ಜೇಮ್ಸ್ ಓಬರ್‌ಸ್ಟಾರ್ ಈ ಸಲ ಬಗ್ಗಲಿಲ್ಲ. ಮರ ಸುಡುತ್ತದೆ ಎಂಬ ಅವರ ಮಾತಿಗೆ ಉತ್ತರ ಹೇಳುವುದು ಕಷ್ಟ. ಯಾರ್ಮತ್ ಕಾಸಲ್ಲಿನಲ್ಲಿ ಸತ್ತವರ ಮನೆಯವರ ಮುಂದೆ ನಿಂತು, ಮಹಾಗನಿಯ ಮೆಟ್ಟಿಲು ಸೊಗಸಾಗಿದೆ ಎಂದು ವಾದಿಸಲು ನನಗಂತೂ ಬಾಯಿ ಬಾರದು. ಆದರೂ ನಲವತ್ತು ವರ್ಷ ಕೊಟ್ಟುಕೊಂಡು ಬಂದ ಅನುಮತಿಯ ಜೊತೆಗೆ, ವರ್ಷಕ್ಕಿಷ್ಟು ಮರ ತೆಗೆದು ಬದಲಿಸಿ ಎಂಬ ಷರತ್ತನ್ನು ಮೊದಲೇ ಹಾಕಿದ್ದರೆ ಹಡಗೂ ಉಳಿಯುತ್ತಿತ್ತು, ಭಯವೂ ಕಳೆಯುತ್ತಿತ್ತು. 2018ರಲ್ಲಿ ಕಾಂಗ್ರೆಸ್ಸು ಕೊನೆಗೂ ಮಾಡಿದ್ದು ಅದನ್ನೇ: ಬೆಂಕಿಗೆ ತಡೆಯದ ಭಾಗದಲ್ಲಿ ವರ್ಷಕ್ಕೆ ಹತ್ತನೆಯ ಒಂದು ಪಾಲನ್ನು ಬದಲಿಸಿದರೆ ಓಡಬಹುದು ಎಂದಿತು. ಅಷ್ಟರಲ್ಲಿ ರಾಣಿ ಚಟ್ಟನೂಗದಲ್ಲಿ ಕೆಲವು ವರ್ಷ ತೇಲುವ ಹೋಟೆಲಾಗಿದ್ದು, 2015ರಲ್ಲಿ ಲೂಯಿಸಿಯಾನಾದ ಹೂಮಾಕ್ಕೆ ಹೋಗಿ ಬಿದ್ದಿದ್ದಳು. ಅನುಮತಿ ಬಂತು, ದುರಸ್ತಿಗೆ ಬೇಕಾದ ಹಣ ಬರಲಿಲ್ಲ.

ಹಾಗಾದರೆ ಯಾತ್ರಿಕರು ಎಲ್ಲಿಗೆ ಹೋದರು? ಬೇರೆ ದೇಶದವರ ಅಗ್ಗದ ಹಡಗು ಹತ್ತೋಣವೆಂದರೆ 1886ರ ಇನ್ನೊಂದು ಕಾನೂನು ಅಡ್ಡ ಬರುತ್ತದೆ: ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ವಿದೇಶಿ ಹಡಗು ಪ್ರಯಾಣಿಕರನ್ನು ಒಯ್ಯುವಂತಿಲ್ಲ. ಆದ್ದರಿಂದ ಸ್ವದೇಶದಲ್ಲೇ ಯಾರಾದರೂ ಕಟ್ಟುವವರೆಗೆ ಕಾಯಬೇಕು. 2012ರಲ್ಲಿ ಹೊಸ ಕಂಪನಿಯೊಂದು ಮೆಂಫಿಸ್ಸಿನಿಂದ 'ಅಮೆರಿಕನ್ ಕ್ವೀನ್' ಅನ್ನು ಮತ್ತೆ ಹೊರಡಿಸಿತು. ಅದೇ ವರ್ಷ 'ಅಮೆರಿಕನ್ ಕ್ರೂಸ್ ಲೈನ್ಸ್' ಎಂಬ ಕಂಪನಿ ಮೇರಿಲ್ಯಾಂಡಿನಲ್ಲಿ ಕಟ್ಟಿದ ತನ್ನ ಹೊಸ ಹಡಗನ್ನು ಮಿಸಿಸಿಪಿಗೆ ಇಳಿಸಿತು. 2022ರಲ್ಲಿ ಯೂರೋಪಿನ ನದಿಗಳಲ್ಲಿ ಹೆಸರಾದ ವೈಕಿಂಗ್ ಕಂಪನಿ ಕೂಡ, ಕಾನೂನಿಗೆ ತಲೆಬಾಗಿ, ಲೂಯಿಸಿಯಾನಾದಲ್ಲೇ ಕಟ್ಟಿಸಿದ ಹಡಗಿನಲ್ಲಿ ಜನರನ್ನು ಹತ್ತಿಸಿಕೊಂಡಿತು. ಕೋಣೆಗೊಂದು ಮೊಗಸಾಲೆ, ಸದ್ದಿಲ್ಲದ ಯಂತ್ರ. ಅನುಕೂಲಕ್ಕೇನೂ ಕಡಿಮೆಯಿಲ್ಲ. ಆವಿಯ ಉಸಿರು ಮಾತ್ರ ಇಲ್ಲ.

ಆವಿಯಿಂದ ಓಡುತ್ತಿದ್ದ 'ಅಮೆರಿಕನ್ ಕ್ವೀನ್' ಹೂಳೆತ್ತುವ ಹಳೆಯ ಸರ್ಕಾರಿ ಹಡಗೊಂದರ 1930ರ ದಶಕದ ಯಂತ್ರಗಳನ್ನು ಒಡಲಲ್ಲಿ ಇಟ್ಟುಕೊಂಡಿತ್ತು. 2024ರ ಫೆಬ್ರವರಿಯಲ್ಲಿ ಅದರ ಕಂಪನಿಯೂ ಬಾಗಿಲು ಹಾಕಿತು. ಮುಂಗಡ ಕೊಟ್ಟವರು 1966ರ ಕಾನೂನಿನ ಆ ಎರಡನೆಯ ಕೈಯನ್ನು ಹಿಡಿದು ಜಾಮೀನಿನ ಹಣಕ್ಕೆ ಅರ್ಜಿ ಹಾಕಿದರು. ಹಡಗುಗಳನ್ನು ಕೊಂಡದ್ದು ಪ್ರತಿಸ್ಪರ್ಧಿಯಾದ 'ಅಮೆರಿಕನ್ ಕ್ರೂಸ್ ಲೈನ್ಸ್', ಓಡಿಸುವುದಕ್ಕಲ್ಲ. 'ಅಮೆರಿಕನ್ ಕ್ವೀನ್' ಒಡೆಯುವ ಅಂಗಳಕ್ಕೆ ಹೋಯಿತು.

ಅವಳಿಗಳಲ್ಲಿ ರಾಜನ ಗತಿ ಏನಾಯಿತೆಂದು ಕೇಳುವವರಿಗೆ: 'ಡೆಲ್ಟಾ ಕಿಂಗ್' 1981ರಲ್ಲಿ ಕಟ್ಟಿಹಾಕಿದ ಜಾಗದಲ್ಲೇ ಮುಳುಗಿ, ತಿಂಗಳುಗಟ್ಟಲೆ ನೀರಿನಲ್ಲಿದ್ದು ಮೇಲೆದ್ದಿತು. 1989ರಿಂದ ಸ್ಯಾಕ್ರಮೆಂಟೊದ ಹಳೆಯ ದಂಡೆಯಲ್ಲಿ ಅದು ಹೋಟೆಲು. ಒಂದು ಕಾಲಕ್ಕೆ ಸಂಜೆ ಹತ್ತಿ ಬೆಳಗ್ಗೆ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಇಳಿಯುತ್ತಿದ್ದ ಅದೇ ಹಡಗಿನಲ್ಲಿ ಜನ ಈಗಲೂ ರಾತ್ರಿ ಮಲಗುತ್ತಾರೆ. ಬೆಳಗ್ಗೆ ಎದ್ದು ಹತ್ತಿದ ಕಡೆಯಲ್ಲೇ ಇಳಿಯುತ್ತಾರೆ.