ಕೂಗಿ ಕರೆಯುವ ಬೇಟೆ

ಮಾಂಸಾಹಾರಿ ಪ್ರಾಣಿಯನ್ನು ಅದರದೇ ಜಾತಿಯ ಕೂಗಿನಿಂದಲೋ ಅದು ತಿನ್ನುವ ಪ್ರಾಣಿಯ ಆರ್ತನಾದದಿಂದಲೋ ಬೇಟೆಗಾರ ಅಡಗಿರುವ ಮರೆಯ ತನಕ ಬರಮಾಡಿಕೊಳ್ಳುವ ಪದ್ಧತಿ. ಕಾಡನ್ನು ಸೋವಿ ಪ್ರಾಣಿಗಳನ್ನು ಹೊರಗಟ್ಟುವ ಬೇಟೆಗೆ ಹತ್ತಾರು ಆಳುಗಳು ಬೇಕು. ಇದಕ್ಕೆ ಒಬ್ಬನೇ ಸಾಕು. ಆದರೆ ಆ ಒಬ್ಬನಿಗೆ ಪ್ರಾಣಿಯ ಹಸಿವು, ಬೆದೆ, ಗಡಿ, ಬಳಗಗಳ ತಿಳಿವಳಿಕೆ ಇರಬೇಕು. ಉತ್ತರ ಅಮೆರಿಕದಲ್ಲಿ ಕಯೋಟಿ ಎಂಬ, ತೋಳದ ಸಣ್ಣ ಸಂಬಂಧಿಯನ್ನು ಕರೆದು ಕೊಲ್ಲುವುದು ದೊಡ್ಡ ಹವ್ಯಾಸವಾಗಿ ಬೆಳೆದಿದೆ. ಭಾರತದಲ್ಲಿ ಕಯೋಟಿ ಇಲ್ಲ. ಅದರ ಸ್ಥಾನದಲ್ಲಿ ಗುಳ್ಳೆನರಿ ಮತ್ತು ತೋಳಗಳಿವೆ. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಈ ಎರಡರ ಜೊತೆಗೆ ಮಲೆನಾಡಿನ ಅಂಚಿನ ಹುಲಿ, ಚಿರತೆಗಳೂ ಸೇರುತ್ತವೆ. ಈ ಪದ್ಧತಿಯ ಚರಿತ್ರೆಯನ್ನು ಒಟ್ಟಾಗಿ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಪ್ರಾಣಿಗಳನ್ನು ಹತೋಟಿಯಲ್ಲಿಡುವ ಉಪಾಯವಾಗಿ ಕೂಗು ಸೋತಿದೆ, ಅವುಗಳನ್ನು ಅರಿಯುವ ಉಪಾಯವಾಗಿ ಗೆದ್ದಿದೆ.

ಪ್ರಾಣಿಯನ್ನು ಒಡ್ಡಿ ಪ್ರಾಣಿಯನ್ನು ಸೆಳೆಯುವುದು ಈ ನಾಡಿಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಬೇಟೆಯ ಭಾಗದಲ್ಲಿ, ಪಳಗಿಸಿದ ಜಿಂಕೆಯನ್ನು ಮುಂದಿಟ್ಟು ಕಾಡಿನ ಜಿಂಕೆಗಳನ್ನು ಸೆಳೆಯುವ ಕ್ರಮವಿದೆ. ಮಾಂಸಾಹಾರಿಗಳ ವಿಷಯದಲ್ಲಿ ಇದರ ಸರಳ ರೂಪವೆಂದರೆ ಚಿರತೆಗೆ ಮೇಕೆ ಕಟ್ಟುವುದು. ಅಲ್ಲಿ ಕರೆಯುವ ಕೆಲಸ ಮೇಕೆಯದೇ: ಒಂಟಿಯಾಗಿ ಕಟ್ಟಿಸಿಕೊಂಡು ಅದು ಅರಚುವ ಅರಚಾಟವೇ ಚಿರತೆಗೆ ಆಹ್ವಾನ. ಊರೊಳಗೆ ನುಗ್ಗುವ ಚಿರತೆಯನ್ನು ಹಿಡಿಯಲು ಅರಣ್ಯ ಇಲಾಖೆ ಇಂದಿಗೂ ಬೋನಿನ ಒಳಗೂಡಿನಲ್ಲಿ ಮೇಕೆಯನ್ನೋ ನಾಯಿಯನ್ನೋ ಕಟ್ಟುತ್ತದೆ. ಬಂದೂಕು ಹೋದರೂ ಕರೆ ಉಳಿದಿದೆ.

ಗಂಟಲಿನಿಂದಲೇ ಕರೆಯುವ ವಿದ್ಯೆ ಮುಖ್ಯವಾಗಿ ಅಲೆಮಾರಿ ಸಮುದಾಯಗಳ ಸೊತ್ತಾಗಿತ್ತು. ಶಿವಮೊಗ್ಗ ಬಳಿಯ ಸದಾಶಿವಪುರ, ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿ ಮೊದಲಾದೆಡೆ ನೆಲೆಗೊಂಡಿರುವ, ವಾಗ್ರಿ ಮಾತನಾಡುವ ಹಕ್ಕಿಪಿಕ್ಕಿಗಳು ಹಕ್ಕಿ ಹಿಡಿಯುವುದರಲ್ಲಿ ಹೆಸರಾದವರು. ಅವರಿಗೆ ಹತ್ತಿರದ, ತಮಿಳುನಾಡಿನ ಕುರುವಿಕ್ಕಾರರು ಗುಳ್ಳೆನರಿಯ ಊಳನ್ನು ಅನುಕರಿಸಿ ಅದನ್ನು ಬಲೆಗೆ ಕೆಡವುತ್ತಿದ್ದುದನ್ನು ಜನಾಂಗಶಾಸ್ತ್ರಜ್ಞ ಎಡ್ಗರ್ ಥರ್ಸ್ಟನ್ 1909ರ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಇದು ಮಾಂಸಕ್ಕೂ 'ನರಿಕೊಂಬು' ಎಂಬ ತಾಯಿತದ ವ್ಯಾಪಾರಕ್ಕೂ ನಡೆದ ಹೊಟ್ಟೆಪಾಡಿನ ಬೇಟೆ. ಗುಳ್ಳೆನರಿಗಳನ್ನು ನಿರ್ಮೂಲ ಮಾಡುವ ಉದ್ದೇಶ ಇದಕ್ಕಿರಲಿಲ್ಲ. ನಿರ್ಮೂಲದ ಉದ್ದೇಶವಿದ್ದದ್ದು ಸರ್ಕಾರಕ್ಕೆ. ಬ್ರಿಟಿಷ್ ಇಂಡಿಯಾದಲ್ಲಿ ತೋಳ, ಚಿರತೆ, ಹುಲಿಗಳ ತಲೆಗೆ ಬಹುಮಾನ ಕಟ್ಟಲಾಗಿತ್ತು. ಆ ಕೆಲಸಕ್ಕೆ ಹೆಚ್ಚಾಗಿ ಒದಗಿದ್ದು ವಿಷ, ಬಂದೂಕು, ಗುಹೆ ಅಗೆದು ಮರಿಗಳನ್ನು ಕೊಲ್ಲುವುದು. ಒಂದೊಂದೇ ಪ್ರಾಣಿಯನ್ನು ತಾಳ್ಮೆಯಿಂದ ಕರೆಯುವ ವಿದ್ಯೆ ಅಂಥ ಅವಸರಕ್ಕೆ ಹೊಂದುವಂಥದ್ದಾಗಿರಲಿಲ್ಲ.

ಹುಲಿಯನ್ನು ಕರೆದ ಪ್ರಸಂಗಗಳಲ್ಲಿ ಎರಡು ಪ್ರಸಿದ್ಧ. ಬೇಟೆಗಾರ ಜಿಮ್ ಕಾರ್ಬೆಟ್ 1938ರ ನವೆಂಬರ್ 30ರ ಸಂಜೆ ಕುಮಾವೂನಿನ ಥಾಕ್ ಬಳಿ ಗಂಡುಹುಲಿಯಂತೆ ಕೂಗಿ ನರಭಕ್ಷಕ ಹೆಣ್ಣುಹುಲಿಯನ್ನು ಕರೆದು ಕೊಂದ. ಬೆಂಗಳೂರಿನ ಕೆನೆತ್ ಆಂಡರ್ಸನ್ (1910–1974) ಕರ್ನಾಟಕದ ಗಡಿಗಂಟಿದ ಜವಳಗಿರಿಯಲ್ಲಿ ಇದೇ ಉಪಾಯದಿಂದ ಹೆಣ್ಣುಹುಲಿಯೊಂದನ್ನು ಹೊಡೆದದ್ದನ್ನು 1954ರಲ್ಲಿ ಪ್ರಕಟವಾದ ತನ್ನ ಮೊದಲ ಪುಸ್ತಕದಲ್ಲಿ ಬರೆದ. 1947ರವರೆಗೆ ಕಡೂರು ಜಿಲ್ಲೆ ಎನಿಸಿದ್ದ ಪ್ರದೇಶದ ಕಡೂರು, ತರೀಕೆರೆ ಸೀಮೆಯೂ ಅವನ ಓಡಾಟದ ನೆಲ; ಅದೇ ಪುಸ್ತಕದಲ್ಲಿ ಇಲ್ಲಿನ ಎಮ್ಮೆದೊಡ್ಡಿಯ ನರಭಕ್ಷಕನ ಕಥೆಯೂ ಇದೆ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ 'ಕಾಡಿನ ಕಥೆಗಳು' ಮಾಲೆಯಲ್ಲಿ ಆಂಡರ್ಸನ್‌ನನ್ನು ಕನ್ನಡಕ್ಕೆ ತಂದರು. ಶಿಕಾರಿ ಕಥೆಗಳನ್ನು ಪುರಾವೆಯೆಂದು ಒಪ್ಪಬಹುದೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆಂಡರ್ಸನ್‌ನ ವಿವರಗಳಲ್ಲಿ ಕಥೆಗಾರನ ಕೈ ಕಾಣುತ್ತದೆ. ಆದರೆ ಎರಡು ದೂರದ ಸೀಮೆಗಳ ಇಬ್ಬರೂ ಹೇಳುವ ಷರತ್ತು ಒಂದೇ: ಸಂಗಾತಿಯನ್ನು ಹುಡುಕುತ್ತಿರುವ ಹೆಣ್ಣುಹುಲಿ ಮಾತ್ರ ಗಂಡಿನ ಕೂಗಿಗೆ ಓಗೊಡುತ್ತದೆ. ಹುಲಿಗಳು ಒಂಟಿಯಾಗಿ ಬಾಳಿ, ಬೆದೆಯ ಕಾಲದಲ್ಲಿ ಕೂಗಿನಿಂದ ಪರಸ್ಪರ ಪತ್ತೆಹಚ್ಚುತ್ತವೆ ಎಂಬುದು ಇದಕ್ಕೆ ಹೊಂದುತ್ತದೆ. ಗುಂಡಿನ ಗುರಿಯನ್ನು ನಂಬದಿದ್ದರೂ ಕೂಗಿನ ಷರತ್ತನ್ನು ನಂಬಬಹುದು.

ಅಮೆರಿಕದಲ್ಲಿ ಈ ವಿದ್ಯೆ ಸರಕಾಯಿತು. ಟೆಕ್ಸಾಸ್‌ನ ಮಾರ್ಬಲ್ ಫಾಲ್ಸ್‌ನ ಬರ್ನ್‌ಹ್ಯಾಮ್ ಸಹೋದರರು 1950ರ ದಶಕದಲ್ಲಿ ಮೊಲದ ಆರ್ತನಾದ ಹೊರಡಿಸುವ ಪೀಪಿಗಳನ್ನು ಮಾರತೊಡಗಿದರು. ಮುಂದಿನ ದಶಕದಲ್ಲಿ ಜಾನಿ ಸ್ಟುವರ್ಟ್ ನಿಜವಾದ ಪ್ರಾಣಿಧ್ವನಿಗಳ ಮುದ್ರಿಕೆಗಳನ್ನು ಮಾರುಕಟ್ಟೆಗೆ ತಂದ. ಇಂದು ದೂರದಿಂದಲೇ ನಡೆಸಬಹುದಾದ ಧ್ವನಿವರ್ಧಕಗಳಿವೆ. ಕುರಿ ಸಾಕುವವರ ನಷ್ಟ ತಡೆಯಲು ಇದು ಬೇಕೇಬೇಕು ಎಂಬುದು ಅಲ್ಲಿನ ಸಮರ್ಥನೆ. ಫಲಿತಾಂಶ ಮಾತ್ರ ಬೇರೆ ಹೇಳುತ್ತದೆ: ನೂರು ವರ್ಷಕ್ಕೂ ಮೀರಿದ ವಿಷ, ಬೋನು, ಬೇಟೆಗಳ ನಡುವೆಯೂ, ಪಶ್ಚಿಮದ ಬಯಲುಗಳಲ್ಲಿದ್ದ ಕಯೋಟಿ ಪೂರ್ವ ಕರಾವಳಿಗೂ ದಕ್ಷಿಣದಲ್ಲಿ ಪನಾಮಾಕ್ಕೂ ಹಬ್ಬಿದೆ.

ಕಡೂರಿನ ಕುರಿಗಾಹಿಯ ನಷ್ಟವೂ ನಿಜವಾದದ್ದೇ, ಅವನಿಗೇಕೆ ಈ ಉಪಾಯ ಬೇಡ ಎಂದು ಕೇಳಬಹುದು. ಉತ್ತರ ಕರೆಯ ಸ್ವಭಾವದಲ್ಲೇ ಇದೆ. ಕರೆಗೆ ಬರುವುದು ಹಸಿದ ಪ್ರಾಣಿ, ಅನುಭವವಿಲ್ಲದ ಪ್ರಾಣಿ, ಇಲ್ಲವೇ ತನ್ನ ಗಡಿ ಕಾಯುವ ಪ್ರಾಣಿ; ನಿನ್ನೆ ಕುರಿ ಹೊತ್ತದ್ದೇ ಬರುತ್ತದೆ ಎಂಬ ಖಾತ್ರಿಯಿಲ್ಲ. ಒಮ್ಮೆ ಮೋಸಹೋಗಿ ಬದುಕುಳಿದದ್ದು ಮತ್ತೆ ಸುಲಭಕ್ಕೆ ಬರುವುದಿಲ್ಲ. ಕಾನೂನೂ ಅಡ್ಡವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಿಡಿಯುವುದು, ಸೋವುವುದು, ಆಮಿಷ ಒಡ್ಡುವುದು, ಇವುಗಳ ಯತ್ನಗಳು ಎಲ್ಲವನ್ನೂ ಬೇಟೆಯೆಂದೇ ಎಣಿಸುತ್ತದೆ. ತೋಳ ಮೊದಲ ಅನುಸೂಚಿಯಲ್ಲಿದೆ. 2022ರ ತಿದ್ದುಪಡಿ ಗುಳ್ಳೆನರಿಯನ್ನೂ ಅಲ್ಲಿಗೆ ಸೇರಿಸಿತು. ಈ ಕಾಯ್ದೆ ಹಕ್ಕಿಪಿಕ್ಕಿಗಳ ಕಸುಬನ್ನೂ ಮುಚ್ಚಿತು. ಬಹುಮಾನ ಕಟ್ಟಿ ಪ್ರಾಣಿ ಅಳಿಸಿದ್ದು ಸರ್ಕಾರ, ಬದುಕು ಬದಲಿಸಬೇಕಾದದ್ದು ಅಲೆಮಾರಿಗಳು ಎಂಬ ಅಸಮತೋಲನ ಈ ಚರಿತ್ರೆಯ ಭಾಗವೇ.

ಕೊಲ್ಲುವ ಉದ್ದೇಶ ಕಳಚಿದ ಮೇಲೆ ಕೂಗಿಗೆ ಬೇರೆ ಬೆಲೆ ಬಂತು. ಕೆನಡಾದ ಅಲ್ಗಾಂಕ್ವಿನ್ ಉದ್ಯಾನದಲ್ಲಿ ಜೀವಶಾಸ್ತ್ರಜ್ಞ ಡಗ್ಲಸ್ ಪಿಮ್ಲಾಟ್‌ನ ತಂಡ ಊಳಿಟ್ಟು, ಮರುಊಳಿನಿಂದ ತೋಳಗಳ ಗುಂಪುಗಳನ್ನು ಗುರುತಿಸಿತು. 1963ರಲ್ಲಿ ಸಾರ್ವಜನಿಕರಿಗೂ ಇಂಥ ಊಳು ಕೇಳಿಸುವ ಕಾರ್ಯಕ್ರಮ ಅಲ್ಲಿ ಶುರುವಾಯಿತು. ಭಾರತದಲ್ಲಿ 2019ರಲ್ಲಿ ಸೌಗತ ಸಾಧುಖಾನ್, ಬಿಲಾಲ್ ಹಬೀಬ್ ಮತ್ತಿತರರು ಭಾರತೀಯ ತೋಳದ ಧ್ವನಿಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. 2021ರ ಅವರ ಅಧ್ಯಯನ ಊಳಿನಿಂದಲೇ ಒಂದೊಂದು ತೋಳವನ್ನು ಗುರುತಿಸುವ ಸಾಧ್ಯತೆ ತೋರಿಸಿತು. ಸುಳ್ಳು ಊಳು ಕೂಡ ಪ್ರಾಣಿಗೆ ಕಿರುಕುಳವೇ ಎಂಬ ಆಕ್ಷೇಪಕ್ಕೆ ತೂಕವಿದೆ, ಮರಿಗಳ ಕಾಲದಲ್ಲಂತೂ ಹೆಚ್ಚು. ಆದ್ದರಿಂದ ಇದು ಪ್ರವಾಸಿಗರ ಮೊಬೈಲಿಗೆ ಸಲ್ಲದ, ಅನುಮತಿ ಪಡೆದ ಸಂಶೋಧಕರ ಮಿತವಾದ ಬಳಕೆಗೆ ಮಾತ್ರ ಸಲ್ಲುವ ಸಾಧನ.

ಕಡೂರು ತಾಲ್ಲೂಕಿನಲ್ಲಿ ಇಂಥ ಸಂಶೋಧನೆಗೆ ಹೇಳಿಮಾಡಿಸಿದ ನೆಲವಿದೆ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಹುಲ್ಲುಗಾವಲುಗಳಲ್ಲಿ ಒಂದಾದ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ವಿಸ್ತೀರ್ಣ 7.36 ಚದರ ಕಿಲೋಮೀಟರ್. ಕೃಷ್ಣಮೃಗ ಮತ್ತು ತೋಳಗಳು ಅಲ್ಲಿ ಒಂದೇ ಬಯಲಲ್ಲಿ ಬದುಕುತ್ತವೆ. ಇಷ್ಟು ಸಣ್ಣ ನೆಲದಲ್ಲಿ ಎಷ್ಟು ತೋಳಗಳು ಉಳಿದಿವೆ, ಯಾವ ದಾರಿಯಲ್ಲಿ ಓಡಾಡುತ್ತವೆ ಎಂಬುದನ್ನು ತಿಳಿಯುವುದು ಕುರಿಗಾಹಿಯ ಪರಿಹಾರಕ್ಕೂ ತೋಳದ ಉಳಿವಿಗೂ ಬೇಕಾದ ಮೊದಲ ಕೆಲಸ. ಕರೆಯುವ ವಿದ್ಯೆಗೆ ಈ ಸೀಮೆಯಲ್ಲಿ ಇನ್ನು ಉಳಿದಿರುವ ಸಾರ್ಥಕ ಉಪಯೋಗ ಅದೊಂದೇ.