ಆಂಗ್ಲ ಸಾಹಿತ್ಯವೂ ಬೋಧನವಿದ್ಯೆಯೂ

ಒಂದು ಕಾವ್ಯವನ್ನು ತಾನು ಓದಿ ಆನಂದಿಸುವದು ಒಂದು ವಿದ್ಯೆ. ಅದನ್ನೇ ಹನ್ನೆರಡು ವರುಷದ ಬಾಲಕನು ಓದಿ ಆನಂದಿಸುವಂತೆ ಮಾಡುವದು ಬೇರೊಂದು ವಿದ್ಯೆ. ಇವೆರಡೂ ಉಪಾಧ್ಯಾಯನಾದವನಲ್ಲಿ ಕೂಡಿರಬೇಕೆಂಬುದನ್ನು ಅಲ್ಲಗಳೆಯುವವರು ವಿರಳ. ಆದರೂ ಭರತಖಂಡದ ವಿಶ್ವವಿದ್ಯಾನಿಲಯಗಳು ಇವನ್ನು ಒಂದೇ ವ್ಯಾಸಂಗದಲ್ಲಿ ಕೂಡಿಸುವದಕ್ಕೆ ನೂರು ವರುಷಗಳಿಗೂ ಮೇಲ್ಪಟ್ಟ ಕಾಲವು ಹಿಡಿಯಿತು.

1835ನೆಯ ಇಸವಿಯಲ್ಲಿ ಮೆಕಾಲೆಯ ಟಿಪ್ಪಣಿಯನ್ನನುಸರಿಸಿ ಬೆಂಟಿಂಕನು ಆಂಗ್ಲವಿದ್ಯೆಗೆ ಸರಕಾರದ ಬೆಂಬಲವನ್ನಿತ್ತನು. 1854ರಲ್ಲಿ ಬಂದ ಚಾರ್ಲ್ಸ್ ವುಡ್ಡನ ಶಿಕ್ಷಣ ಖಲೀತೆಯು ವಿಶ್ವವಿದ್ಯಾನಿಲಯಗಳನ್ನೂ ಉಪಾಧ್ಯಾಯರ ತರಬೇತಿಶಾಲೆಗಳನ್ನೂ ಕೂಡಿಯೇ ಬಯಸಿದ್ದಿತು. 1857ರಲ್ಲಿ ಕಲಕತ್ತಾ, ಮುಂಬಯಿ, ಮದ್ರಾಸು ನಗರಗಳಲ್ಲಿ ವಿಶ್ವವಿದ್ಯಾನಿಲಯಗಳು ಜನಿಸಿದವು. ಅಲ್ಲಿಯ ಪರೀಕ್ಷೆಗಳಲ್ಲಿ ಆಂಗ್ಲ ಭಾಷಾಸಾಹಿತ್ಯಗಳಿಗೆ ಅಗ್ರಸ್ಥಾನವು ಲಭಿಸಿತು. ವಿನೋದವೇನೆಂದರೆ, ಆಕ್ಸ್‌ಫರ್ಡಿನಲ್ಲಿ ಆ ಸಾಹಿತ್ಯಕ್ಕೆ ಪ್ರತ್ಯೇಕ ಆನರ್ಸ್ ವಿಭಾಗವು ಏರ್ಪಟ್ಟುದು 1894ರಲ್ಲಿ, ಕೇಂಬ್ರಿಜ್ಜಿನಲ್ಲಿ 1917ರಲ್ಲಿ. ತವರಿನಲ್ಲಿ ಮಣೆ ಸಿಗುವ ಮೊದಲೇ ಮಗಳಿಗೆ ಪರದೇಶದಲ್ಲಿ ಪಟ್ಟಾಭಿಷೇಕವಾಗಿದ್ದಿತು!

ಬೋಧನವಿದ್ಯೆಗಾದರೋ ಆ ಭಾಗ್ಯವಿರಲಿಲ್ಲ. ಮೊದಲು ಬಿ.ಎ., ತರುವಾಯ ತರಬೇತಿಯ ಒಂದು ವರುಷ, ಅದೂ ಬೇರೊಂದು ಕಾಲೇಜಿನಲ್ಲಿ. ಇದೇ ಬಹುಕಾಲದ ಪದ್ಧತಿಯಾಯಿತು. ಶೇಕ್ಸ್‌ಪಿಯರನನ್ನು ಓದಿಸಿದ ಪ್ರಾಧ್ಯಾಪಕನು ಮಕ್ಕಳ ಮನಸ್ಸಿನ ಮಾತನ್ನೆತ್ತಲಿಲ್ಲ. ಮಕ್ಕಳ ಮನಸ್ಸನ್ನು ಕುರಿತು ಉಪನ್ಯಾಸ ಮಾಡಿದವನು ಶೇಕ್ಸ್‌ಪಿಯರನನ್ನು ಮುಟ್ಟಲಿಲ್ಲ. ಇದರ ಫಲವನ್ನು ಉಂಡವರು ಹಳ್ಳಿಯ ಬಾಲಕರು. ಡ್ಯಾಫೊಡಿಲ್ ಹೂವನ್ನು ಕನಸಿನಲ್ಲಿಯೂ ಕಾಣದ ಮಕ್ಕಳು ವರ್ಡ್ಸ್‌ವರ್ತನ ಪದ್ಯದ ಭಾವಾರ್ಥವನ್ನು ಬಾಯಿಪಾಠಮಾಡಿ ಒಪ್ಪಿಸಿದರು. ತಮ್ಮೂರ ಸೂರ್ಯಕಾಂತಿಯ ಹೊಲದಿಂದ ಪಾಠವನ್ನು ಆರಂಭಿಸಬಹುದೆಂದು ತಿಳಿಸುವವರು ಅಪೂರ್ವವಾಗಿದ್ದರು.

ಪದವಿಯು ಕೂಡಿಸದುದನ್ನು ಕೆಲವು ಪುರುಷರು ಸ್ವಪ್ರಯತ್ನದಿಂದ ಕೂಡಿಸಿಕೊಂಡರು. ಬೆಳಗಾವಿಯಲ್ಲಿ 1916ರಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದ ಸಪ್ತರ್ಷಿಗಳಲ್ಲೊಬ್ಬರಾದ ಶಿ. ಶಿ. ಬಸವನಾಳರು ಶಾಲೆಯನ್ನೂ ಬಲ್ಲವರು, ಸಾಹಿತ್ಯವನ್ನೂ ಬಲ್ಲವರು. ಅವರು ಆಂಗ್ಲ ಸಾಹಿತ್ಯದ ಅಧ್ಯಾಪಕರಾದ ಕೆ. ಆರ್. ಶ್ರೀನಿವಾಸ ಅಯ್ಯಂಗಾರರೊಡಗೂಡಿ ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ತಂದ ‘ಮ್ಯೂಸಿಂಗ್ಸ್ ಆಫ್ ಬಸವ’ ಎಂಬ ಗ್ರಂಥವು 1940ರಲ್ಲಿ ಹೊರಬಂದಿತು. ಪರಭಾಷೆಯ ಓದುಗನಿಗೆ ವಚನವನ್ನು ತಿಳಿಯಹೇಳುವ ಆ ಕಾರ್ಯವೂ ಒಂದು ಬಗೆಯ ಬೋಧನವೇ ಸರಿ. ಆದರೆ ಇಂತಹ ಮಹನೀಯರನ್ನು ನಂಬಿ ಸಹಸ್ರಾರು ಶಾಲೆಗಳನ್ನು ನಡೆಯಿಸುವದು ಶಕ್ಯವಲ್ಲ.

ಸ್ವಾತಂತ್ರ್ಯಾನಂತರ, 1960ರಲ್ಲಿ ಕುರುಕ್ಷೇತ್ರದಲ್ಲಿ ನಾಲ್ಕು ವರುಷಗಳ ಸಂಯುಕ್ತ ವ್ಯಾಸಂಗವು ಮೊದಲಾಯಿತು. 1963ರಲ್ಲಿ ಅಜಮೇರ, ಭೋಪಾಲ, ಭುವನೇಶ್ವರ, ಮೈಸೂರುಗಳಲ್ಲಿ ಪ್ರಾಂತೀಯ ಶಿಕ್ಷಣ ಮಹಾವಿದ್ಯಾಲಯಗಳು ಸ್ಥಾಪಿತವಾದವು. ವಿಷಯಜ್ಞಾನವೂ ಬೋಧನಕ್ರಮವೂ ಮೊದಲ ವರುಷದಿಂದಲೇ ಜೊತೆಯಾಗಿ ಸಾಗಬೇಕೆಂಬುದು ಇವುಗಳ ಉದ್ದೇಶವಾಗಿದ್ದಿತು. ಪ್ರತಿಯೊಂದಕ್ಕೂ ಒಂದು ಪ್ರಾತ್ಯಕ್ಷಿಕ ಶಾಲೆಯು ಅಂಟಿಕೊಂಡಿತು. ಬೆಳಿಗ್ಗೆ ಕಾವ್ಯವನ್ನು ಕಲಿತವನು ಅದೇ ಆವರಣದಲ್ಲಿ ಮಕ್ಕಳ ಮುಂದೆ ನಿಂತು, ತನಗೆ ತಿಳಿದುದೆಷ್ಟೆಂಬುದನ್ನು ಪರೀಕ್ಷಿಸಿಕೊಳ್ಳುವ ಅವಕಾಶವು ಹೀಗೆ ಒದಗಿತು. ಮಕ್ಕಳ ಪ್ರಶ್ನೆಗಿಂತ ಕಠಿನವಾದ ಪರೀಕ್ಷೆ ಬೇರೊಂದಿಲ್ಲ.

ಇದಕ್ಕೆ ಆಕ್ಷೇಪವೂ ಇಲ್ಲದಿಲ್ಲ. ಮಿಲ್ಟನ್ನನಿಗೆ ಸಲ್ಲಬೇಕಾದ ಹೊತ್ತು ಪಾಠಟಿಪ್ಪಣಿಗೆ ವ್ಯಯವಾಗುವದೆಂದೂ, ಹದಿನೆಂಟು ವರುಷದ ತರುಣನು ಉಪಾಧ್ಯಾಯನೇ ಆಗುವೆನೆಂದು ಮೊದಲೇ ನಿಶ್ಚಯಿಸುವದು ಕಷ್ಟವೆಂದೂ ಕೆಲವರು ಹೇಳುವರು. ಎರಡನೆಯ ಮಾತಿನಲ್ಲಿ ಹುರುಳಿದೆ. ಮೊದಲನೆಯದಕ್ಕೆ ಮಾತ್ರ ಅಷ್ಟು ತೂಕವಿಲ್ಲ; ಇನ್ನೊಬ್ಬನಿಗೆ ತಿಳಿಸಲೆಂದು ಓದಿದ ಪದ್ಯವು ಪರೀಕ್ಷೆಗಾಗಿ ಓದಿದ ಪದ್ಯಕ್ಕಿಂತ ಆಳವಾಗಿಯೇ ಇಳಿಯುವದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಈ ಸಂಯುಕ್ತ ಪದವಿಯನ್ನೇ 2030ರ ಹೊತ್ತಿಗೆ ಶಾಲಾಶಿಕ್ಷಕರ ಕನಿಷ್ಠ ಅರ್ಹತೆಯನ್ನಾಗಿ ಮಾಡಬೇಕೆಂದು ಸಾರಿದೆ. ಶಿಕ್ಷಣಶಾಸ್ತ್ರವೊಂದು, ಭಾಷೆಯೋ ಗಣಿತವೋ ಇತಿಹಾಸವೋ ಆದ ವಿಷಯವಿನ್ನೊಂದು. ಎರಡೂ ಅದರಲ್ಲಿ ಪ್ರಧಾನವೇ.