2020ರ ಕಂಬಳ ದಾಖಲೆಗಳು

2020ರ ಫೆಬ್ರವರಿಯಲ್ಲಿ ಎರಡು ವಾರಗಳ ಅಂತರದಲ್ಲಿ ದಕ್ಷಿಣ ಕನ್ನಡದ ಐಕಳ ಮತ್ತು ವೇಣೂರಿನ ಜೋಡುಕರೆ ಕಂಬಳಗಳಲ್ಲಿ ನಡೆದ ಅತಿವೇಗದ ಓಟಗಳನ್ನು ಈ ಹೆಸರಿನಿಂದ ಗುರುತಿಸಲಾಗುತ್ತದೆ. ಫೆಬ್ರವರಿ 1ರಂದು ಐಕಳದ ಕಾಂತಾಬಾರೆ–ಬೂದಾಬಾರೆ ಕಂಬಳದಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡ 142.5 ಮೀಟರ್ ಉದ್ದದ ಕರೆಯನ್ನು, ಅಂದರೆ ಕೆಸರಿನ ಓಟದ ದಾರಿಯನ್ನು, ಕೋಣಗಳೊಂದಿಗೆ 13.62 ಸೆಕೆಂಡುಗಳಲ್ಲಿ ಮುಗಿಸಿದರು. ಫೆಬ್ರವರಿ 16ರ ಭಾನುವಾರ ವೇಣೂರಿನ ಸೂರ್ಯ–ಚಂದ್ರ ಕಂಬಳದಲ್ಲಿ ಬಜಗೋಳಿ ಜೋಗಿಬೆಟ್ಟಿನ ನಿಶಾಂತ್ ಶೆಟ್ಟಿ 143 ಮೀಟರ್ ಕರೆಯಲ್ಲಿ ಅದಕ್ಕಿಂತಲೂ ವೇಗವಾಗಿ ಓಡಿದರು. ಇವನ್ನು 100 ಮೀಟರಿಗೆ ಇಳಿಸಿ ಲೆಕ್ಕ ಹಾಕಿದಾಗ ಕ್ರಮವಾಗಿ 9.55 ಮತ್ತು 9.51 ಸೆಕೆಂಡುಗಳಾದವು. ಉಸೇನ್ ಬೋಲ್ಟ್‌ನ 9.58ಕ್ಕಿಂತ ಇವು ಕಡಿಮೆ ಎಂಬ ಮಾತು ಹಬ್ಬಿದ್ದೇ ತಡ, ಕರಾವಳಿಯ ಗದ್ದೆಯೊಂದರ ಆಟ ಜಗತ್ತಿನ ಪತ್ರಿಕೆಗಳಲ್ಲಿ ಸುದ್ದಿಯಾಯಿತು.

ಹಿನ್ನೆಲೆ

ಇಂದು ಸ್ಪರ್ಧೆಯಾಗಿ ಕಾಣುವ ಕಂಬಳ ಮೂಲತಃ ಬೇಸಾಯದ ಆಚರಣೆ. ಗುತ್ತಿನ ಮನೆಯ ಇಲ್ಲವೇ ದೇವಸ್ಥಾನದ ದೊಡ್ಡ ಗದ್ದೆಗೆ ಕೋಣಗಳನ್ನು ಇಳಿಸಿ, ನಡುವೆ ಪೂಕರೆ ಎಂಬ ಹೂವಿನ ಕಂಬ ನೆಟ್ಟು, ದೈವಕ್ಕೆ ಪ್ರಾರ್ಥನೆ ಸಲ್ಲಿಸಿ ಓಡಿಸುವ ಪೂಕರೆ ಕಂಬಳ ಹಲವು ಕಡೆ ಈಗಲೂ ಉಳಿದಿದೆ. ಅಲ್ಲಿ ಯಾರೂ ಸಮಯ ನೋಡುವುದಿಲ್ಲ. ಎರಡು ಕರೆಗಳನ್ನು ಪಕ್ಕಪಕ್ಕದಲ್ಲಿ ಕಟ್ಟಿ, ಎರಡು ಜೋಡಿ ಕೋಣಗಳನ್ನು ಏಕಕಾಲಕ್ಕೆ ಬಿಡುವ ಜೋಡುಕರೆ ಬಂದ ಮೇಲೆ ಸೋಲು ಗೆಲುವು ಮುಖ್ಯವಾಯಿತು.

ಪುತ್ತೂರು ಸೀಮೆಗೆ ಈ ಆಟದೊಂದಿಗೆ ಹಳೆಯ ನಂಟಿದೆ. ಪುತ್ತೂರಿನಲ್ಲಿ ಮಹಾಲಿಂಗೇಶ್ವರ ದೇವಸ್ಥಾನದ ದೇವರಮಾರು ಗದ್ದೆಯಿದೆ. ಕೋಟಿ–ಚೆನ್ನಯ ಜೋಡುಕರೆ ಕಂಬಳ ನಡೆಯುವುದು ಅಲ್ಲಿಯೇ. ಹೆಸರು ಸುಮ್ಮನೆ ಇಟ್ಟದ್ದಲ್ಲ: ಅವಳಿ ವೀರರು ಹುಟ್ಟಿ ಬೆಳೆದದ್ದೆಂದು ಪಾಡ್ದನಗಳು ಹೇಳುವ ಪಡುಮಲೆ ಇದೇ ತಾಲೂಕಿನಲ್ಲಿದೆ, ಅವರು ಮಡಿದ ಎಣ್ಮೂರು ಸುಳ್ಯ–ಕಡಬ ಸೀಮೆಗೆ ಸೇರಿದ್ದು. ಪಾಡ್ದನದಲ್ಲಿ ಅವರ ಎದುರಾಳಿಯಾದ ಬುದ್ಯಂತನೊಂದಿಗೆ ವೈರ ಬಲಿತದ್ದೂ ಗದ್ದೆ, ನೀರಿನ ತಗಾದೆಯಿಂದ. ನೇತ್ರಾವತಿ ಕುಮಾರಧಾರೆಗಳು ಕೂಡುವ ಉಪ್ಪಿನಂಗಡಿಯಲ್ಲಿ ನದಿ ದಡದ ವಿಜಯ–ವಿಕ್ರಮ ಕಂಬಳವಿದೆ. ಗಡಿಯಾಚೆ ಮಂಜೇಶ್ವರ ತಾಲೂಕಿನ ಪೈವಳಿಕೆಯಲ್ಲಿ ಅಣ್ಣ–ತಮ್ಮ ಕಂಬಳವಿದೆ. ಜೋಡುಕರೆಗಳಿಗೆ ಹೀಗೆ ಜೋಡಿ ಹೆಸರು ಇಡುವುದು ರೂಢಿಯಾಗಿಬಿಟ್ಟಿದೆ. ಅಡಿಕೆ ತೋಟ ಗದ್ದೆಗಳನ್ನು ನುಂಗುತ್ತ ಬಂದ ಈ ಭಾಗದಲ್ಲಿ ಉಳುಮೆಗೆಂದು ಕೋಣ ಸಾಕುವವರು ಈಗ ವಿರಳ. ಇರುವ ಹಟ್ಟಿಗಳಲ್ಲಿ ಹೆಚ್ಚಿನವು ಕಂಬಳಕ್ಕಾಗಿಯೇ ಇರುವಂಥವು.

2020ರ ಸುದ್ದಿಯನ್ನು ಓದಿದ ಹೊರಗಿನವರಲ್ಲಿ ಬಹಳ ಮಂದಿಗೆ ತಿಳಿಯದೇ ಹೋದದ್ದು, ಆ ಋತು ನಡೆದದ್ದೇ ಒಂದು ಸಾಹಸ ಎಂಬುದು. 2014ರ ಮೇ 7ರಂದು ಜಲ್ಲಿಕಟ್ಟು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿಷೇಧದ ತೀರ್ಪಿನ ನೆರಳು ಕಂಬಳದ ಮೇಲೂ ಬಿತ್ತು. 2016ರ ನವೆಂಬರಿನಲ್ಲಿ ಹೈಕೋರ್ಟ್ ತಡೆ ನೀಡಿತು. ಹಟ್ಟಿಯಲ್ಲಿ ಹುರುಳಿ ತಿಂದು ಮೈದುಂಬಿದ ಕೋಣಗಳು ಆ ವರ್ಷ ಕರೆಗೆ ಇಳಿಯಲಿಲ್ಲ. 2017ರ ಜನವರಿಯಲ್ಲಿ ಕೋಣಗಳ ಯಜಮಾನರೂ ಓಟಗಾರರೂ ಬೀದಿಗಿಳಿದರು, ಫೆಬ್ರವರಿಯಲ್ಲಿ ವಿಧಾನಸಭೆ ತಿದ್ದುಪಡಿ ಮಸೂದೆಗೆ ಒಪ್ಪಿಗೆ ಕೊಟ್ಟಿತು, ಮುಂದೆ ಸುಗ್ರೀವಾಜ್ಞೆಯೂ ಕಾಯ್ದೆಯೂ ಬಂದವು. ಅಂದರೆ ಐಕಳದ ಆ ಓಟ, ಆಟ ನಿಂತೇ ಹೋಗುತ್ತದೆಯೇನೋ ಎಂಬ ಭಯ ಕಳೆದು ಎರಡು ಮೂರು ವರ್ಷಗಳೊಳಗೆ ಬಂದದ್ದು.

ಕರೆ, ಗಂತು, ಮಂಜೊಟ್ಟಿ

ದಾಖಲೆಗಳ ತೂಕ ತಿಳಿಯಬೇಕಾದರೆ ಓಟ ಹೇಗೆ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಓಟ ಆರಂಭವಾಗುವ ತುದಿ ಗಂತು. ಮುಗಿಯುವ ತುದಿ ಮಂಜೊಟ್ಟಿ, ಅಲ್ಲಿ ನೆಲ ಏರಾಗಿ ಮೇಲಕ್ಕೆ ಹೋಗುತ್ತದೆ. ರಭಸದಲ್ಲಿ ಬಂದ ಕೋಣಗಳು ಆ ಏರನ್ನು ಹತ್ತಿ ನಿಲ್ಲುತ್ತವೆ, ಹಿಡಿಯುವವರು ಅಲ್ಲಿ ಕಾದಿರುತ್ತಾರೆ. ನಡುವಿನದು ನೀರು ತುಂಬಿದ, ಕೆಸರು ಹದಮಾಡಿದ ಕರೆ. ಗಂತಿನಲ್ಲಿ ಕೋಣಗಳನ್ನು ಸರಿಯಾಗಿ ತಿರುಗಿಸಿ ನಿಲ್ಲಿಸುವುದೇ ಒಂದು ವಿದ್ಯೆ. ನಾಲ್ಕೂ ಕೋಣಗಳು ಒಮ್ಮೆಲೇ ಮುಖ ಕೊಟ್ಟು ನಿಲ್ಲುವ ತನಕ ಬಿಡುವಂತಿಲ್ಲ, ಒಂದು ಜೋಡಿ ನಿಂತಾಗ ಇನ್ನೊಂದು ಹೊರಳುತ್ತದೆ, ಕೆಲವೊಮ್ಮೆ ಓಟಕ್ಕಿಂತ ನಿಲ್ಲಿಸುವುದಕ್ಕೇ ಎಷ್ಟೋ ಪಾಲು ಹೆಚ್ಚು ಹೊತ್ತು ಹಿಡಿಯುತ್ತದೆ.

ಬಿಟ್ಟ ಮೇಲೆ ಎಲ್ಲವೂ ಹದಿಮೂರು ಹದಿನಾಲ್ಕು ಸೆಕೆಂಡು. ಹಗ್ಗ ವಿಭಾಗದಲ್ಲಿ ಓಟಗಾರನ ಕೈಯಲ್ಲಿರುವುದು ನೊಗಕ್ಕೆ ಕಟ್ಟಿದ ಹಗ್ಗ. ನೇಗಿಲು ವಿಭಾಗದಲ್ಲಿ ನೇಗಿಲಿನಾಕಾರದ ಹಗುರ ಮರ. ಇವೆರಡರಲ್ಲೂ ಹಿರಿಯ, ಕಿರಿಯ ಎಂಬ ಭೇದವಿದೆ, ಅದು ಓಟಗಾರನ ಪ್ರಾಯಕ್ಕಲ್ಲ ಕೋಣದ ಪ್ರಾಯಕ್ಕೆ ಸಂಬಂಧಿಸಿದ್ದು, ಹಲ್ಲು ನೋಡಿ ತೀರ್ಮಾನಿಸುತ್ತಾರೆ. ಅಡ್ಡಹಲಗೆಯಲ್ಲಿ ಓಟಗಾರ ಹಲಗೆಯ ಮೇಲೆ ನಿಂತು ಸಾಗುತ್ತಾನೆ. ಕನೆಹಲಗೆಯಲ್ಲಂತೂ ವೇಗದ ಪ್ರಶ್ನೆಯೇ ಇಲ್ಲ. ಹಲಗೆಯಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯ ಬಟ್ಟೆಯನ್ನು ತೋಯಿಸಬೇಕು, ಆರೂವರೆ ಕೋಲು, ಏಳೂವರೆ ಕೋಲು ಎಂದು ಎತ್ತರದ ಲೆಕ್ಕ. ಕಂಬಳದ ಚೆಲುವು ಕನೆಹಲಗೆಯಲ್ಲೇ ಇದೆ ಎನ್ನುವ ಹಿರಿಯರ ಮಾತು ಸುಳ್ಳಲ್ಲ. ಆದರೆ ಚೆಲುವಿಗೆ ಸೆಕೆಂಡಿನ ಲೆಕ್ಕವಿಲ್ಲದ ಕಾರಣ 2020ರ ಸುದ್ದಿಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.

ಓಟಗಾರ ಬರಿಗಾಲಲ್ಲಿರುತ್ತಾನೆ. ಕೆಸರು ಅವನ ಕಾಲನ್ನು ಎಳೆಯುತ್ತದೆ, ಕೋಣಗಳು ಅವನನ್ನು ಮುಂದಕ್ಕೆ ಎಳೆಯುತ್ತವೆ. ಈ ಎರಡು ಎಳೆತಗಳ ನಡುವೆ ಹೆಜ್ಜೆ ತಪ್ಪದೆ ಇರುವುದೇ ಅವನ ಕಸುಬು. ಹಿಂದೆ ಬಿದ್ದರೆ ಹಗ್ಗಕ್ಕೆ ಜೋತುಬಿದ್ದು ಕೋಣಗಳಿಗೆ ಭಾರವಾಗುತ್ತಾನೆ. ಫಲಿತಾಂಶದ ಪಟ್ಟಿಯನ್ನು ಊರಿನ ಪತ್ರಿಕೆಗಳಲ್ಲಿ ನೋಡಿದವರಿಗೆ ಗೊತ್ತು, ಮೊದಲು ಬರುವುದು ಕೋಣಗಳ ಯಜಮಾನರ ಮನೆ ಹೆಸರು, ಒಂದೇ ಹಟ್ಟಿಯಿಂದ ಎರಡು ಜೋಡಿ ಬಂದಿದ್ದರೆ ‘ಎ’, ‘ಬಿ’ ಎಂಬ ಗುರುತು, ಆಮೇಲೆ ‘ಓಡಿಸಿದವರು’ ಎಂದು ಓಟಗಾರನ ಹೆಸರು. ಗೆದ್ದದ್ದು ಜೋಡಿ. 2020ರಲ್ಲಿ ಈ ಕ್ರಮ ತಲೆಕೆಳಗಾಗಿ ಓಟಗಾರನ ಹೆಸರು ಮುಂದೆ ಬಂತು, ಕೋಣಗಳು ಹಿಂದೆ ಸರಿದವು.

ಐಕಳದಿಂದ ವೇಣೂರಿಗೆ

ಆಗ 28ರ ಪ್ರಾಯದ ಶ್ರೀನಿವಾಸ ಗೌಡರು ಕಟ್ಟಡ ಕೆಲಸ ಮಾಡುತ್ತಿದ್ದವರು. ಪ್ರೊ. ಗುಣಪಾಲ ಕಡಂಬ ಅವರು 2011ರಲ್ಲಿ ಆರಂಭಿಸಿದ ಕಂಬಳ ಅಕಾಡೆಮಿಯ ಮೊದಲ ತಂಡದಲ್ಲಿ ತರಬೇತಿ ಪಡೆದಿದ್ದರು. ಓಟಗಾರಿಕೆ ಅಣ್ಣನಿಂದ ತಮ್ಮನಿಗೆ, ಒಡನಾಡಿಯಿಂದ ಒಡನಾಡಿಗೆ ದಾಟುತ್ತಿದ್ದ ಕಾಲದಲ್ಲಿ ಅದಕ್ಕೊಂದು ಶಾಲೆ ಮಾಡಿದ್ದು ದೊಡ್ಡ ಹೆಜ್ಜೆ. ಅದೇ ವರ್ಷಗಳಲ್ಲಿ ಲೇಸರ್ ಕಿರಣದ ಸೆನ್ಸರ್‌ಗಳೂ ವಿಡಿಯೋ ತೀರ್ಪೂ ಕರೆಯ ಬದಿಗೆ ಬಂದು, ಮಂಜೊಟ್ಟಿಯಲ್ಲಿ ಕಣ್ಣಂದಾಜಿನ ಜಗಳಗಳು ಕಡಿಮೆಯಾದವು. ಸೆಕೆಂಡಿನ ನೂರನೇ ಒಂದು ಪಾಲನ್ನು ಹೇಳುವ ಯಂತ್ರ ಇಲ್ಲದಿದ್ದರೆ ಐಕಳದ ಓಟ ‘ಭಾರೀ ವೇಗ’ ಎಂಬ ಮಾತಾಗಿ ಆ ರಾತ್ರಿಗೇ ಮುಗಿದುಹೋಗುತ್ತಿತ್ತು. ಈ ದಾಖಲೆಗಳ ಹಿಂದೆ ಕಾಲಿನಷ್ಟೇ ಗಡಿಯಾರದ ಕೆಲಸವೂ ಇದೆ ಎಂಬುದನ್ನು ಮರೆಯಬಾರದು.

ಓಟ ನಡೆದದ್ದು ಫೆಬ್ರವರಿ 1ಕ್ಕೆ. ಗದ್ದಲ ಎದ್ದದ್ದು ಹತ್ತು ಹನ್ನೆರಡು ದಿನ ಕಳೆದ ಮೇಲೆ, ವಿಡಿಯೋ ಫೋನಿನಿಂದ ಫೋನಿಗೆ ಹಾರಿದಾಗ. ಫೆಬ್ರವರಿ 15ರಂದು ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಗೌಡರನ್ನು ಭಾರತೀಯ ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಕರೆಸುವುದಾಗಿ ಟ್ವೀಟ್ ಮಾಡಿದರು. ಮರುದಿನವೇ ವೇಣೂರಿನಲ್ಲಿ ನಿಶಾಂತ್ ಶೆಟ್ಟಿ ಹಿಂದಿನ ಅಂಕಿಯನ್ನು ದಾಟಿದರು. ಅದೇ ಋತುವಿನಲ್ಲಿ ಇರ್ವತ್ತೂರು ಆನಂದ್ ಮತ್ತು ಅಕ್ಕೇರಿ ಸುರೇಶ್ ಶೆಟ್ಟಿ ಅವರ ಹೆಸರಿನಲ್ಲೂ 9.57 ಎಂಬ ಅಂಕಿ ವರದಿಯಾಯಿತು. ನಾಲ್ಕು ಮಂದಿ ಇಷ್ಟು ಹತ್ತಿರ ಹತ್ತಿರದ ಸಮಯ ಕೊಟ್ಟದ್ದೇ ಹೇಳುತ್ತದೆ, ಇದು ಒಬ್ಬನ ಪವಾಡವಾಗಿರಲಿಲ್ಲ. ಒಂದು ತಲೆಮಾರಿನ ಓಟಗಾರರೂ ಒಂದು ತಲೆಮಾರಿನ ಕೋಣಗಳೂ ಒಟ್ಟಿಗೆ ಮಾಗಿದ ವರ್ಷವಾಗಿತ್ತು.

ಫೆಬ್ರವರಿ 17ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಬೆಂಗಳೂರಿನಲ್ಲಿ ಗೌಡರನ್ನು ಸನ್ಮಾನಿಸಿ 3 ಲಕ್ಷ ರೂಪಾಯಿ ಬಹುಮಾನ ನೀಡಿದರು. ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಗೌಡರು ಹೋಗಲಿಲ್ಲ. ಕಾಲಿಗೆ ಪೆಟ್ಟಾಗಿತ್ತು, ಕಂಬಳದ ದಿನಗಳು ಬಾಕಿ ಇದ್ದವು. ಕಂಬಳದಲ್ಲಿ ಹಿಮ್ಮಡಿಯೂರಿ ಓಡುವುದು, ಟ್ರ್ಯಾಕ್‌ನಲ್ಲಿ ತುದಿಗಾಲಲ್ಲಿ ಓಡುವುದು, ಎರಡೂ ಬೇರೆ ಎಂದು ಅವರೇ ವಿವರಿಸಿದರು. ಇದನ್ನು ಅವಕಾಶ ಕೈಚೆಲ್ಲಿದಂತೆ ಎಂದು ಹಲವರು ಬರೆದರು. ಅದು ನ್ಯಾಯವಾದ ಮಾತಲ್ಲ. ಹಿಂದಿನ ವರ್ಷ, 2019ರ ಆಗಸ್ಟಿನಲ್ಲಿ, ಬರಿಗಾಲಲ್ಲಿ ಓಡಿದ ವಿಡಿಯೋದಿಂದ ಹೆಸರಾದ ಮಧ್ಯಪ್ರದೇಶದ ರಾಮೇಶ್ವರ್ ಗುರ್ಜರ್ ಅವರನ್ನು ಭೋಪಾಲದಲ್ಲಿ ಹೀಗೆಯೇ ಪರೀಕ್ಷೆಗೆ ಓಡಿಸಲಾಗಿತ್ತು. ಅವರು ಕೊನೆಯವರಾಗಿ ಬಂದರು. ತನ್ನ ಕಸುಬನ್ನು ಬಲ್ಲ ಗೌಡರು ಅದರ ಮಿತಿಯನ್ನೂ ಬಲ್ಲವರಾಗಿದ್ದರು.

ಬೋಲ್ಟ್ ಹೋಲಿಕೆಯ ಲೆಕ್ಕ

ಹೋಲಿಕೆಯಲ್ಲಿ ತಪ್ಪಿದ್ದು ಎಲ್ಲಿ? 13.62 ಸೆಕೆಂಡನ್ನು 142.5ರಿಂದ ಭಾಗಿಸಿ 100ರಿಂದ ಗುಣಿಸಿದರೆ 9.558 ಬರುತ್ತದೆ. ಪತ್ರಿಕೆಗಳು ಕೊನೆಯ ಅಂಕಿಯನ್ನು ಕೈಬಿಟ್ಟು 9.55 ಎಂದವು. ಅಥ್ಲೆಟಿಕ್ಸ್ ನಿಯಮದಂತೆ ನೂರನೇ ಪಾಲನ್ನು ಮೇಲಕ್ಕೆ ಏರಿಸಬೇಕು, ಹಾಗಾಗಿ ಅದು 9.56. ಇದು ಸಣ್ಣ ವಿಷಯ. ದೊಡ್ಡ ವಿಷಯವೆಂದರೆ, ನಿಂತಲ್ಲಿಂದ ಹೊರಟವನು ವೇಗ ಪಡೆಯಲು ಮೊದಲ ಕೆಲವು ಸೆಕೆಂಡು ಬೇಕು. ಓಟ ಉದ್ದವಾದಷ್ಟೂ ಆ ನಷ್ಟ ಹರಡಿಹೋಗಿ ಸರಾಸರಿ ಸುಧಾರಿಸುತ್ತದೆ. 2009ರ ಆಗಸ್ಟ್ 16ರಂದು ಬರ್ಲಿನ್‌ನಲ್ಲಿ ಬೋಲ್ಟ್ ಓಡಿದ 9.58 ಸೆಕೆಂಡಿನೊಳಗೆ ಆ ನಷ್ಟವೆಲ್ಲ 100 ಮೀಟರಿನಲ್ಲೇ ಅಡಗಿದೆ.

ಸರಿಯಾದ ಜೋಡಿ ಬೇರೊಂದಿದೆ. ಅದೇ ವರ್ಷದ ಮೇ 17ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಬೀದಿಯಲ್ಲಿ ಹಾಸಿದ ನೇರ ಟ್ರ್ಯಾಕ್‌ನಲ್ಲಿ ಬೋಲ್ಟ್ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದ್ದ. ಕೊನೆಯ 100 ಮೀಟರಿಗೆ ಅವನು ತೆಗೆದುಕೊಂಡದ್ದು 8.70 ಸೆಕೆಂಡು. ಕಂಬಳದ ಲೆಕ್ಕವನ್ನೇ ಆ ಓಟಕ್ಕೂ ಹಾಕಿದರೆ 100 ಮೀಟರಿಗೆ 9.57 ಬರುತ್ತದೆ. ಐಕಳದ ಕರೆಗಿಂತ ಏಳೂವರೆ ಮೀಟರ್ ಉದ್ದದ ದಾರಿಯಲ್ಲಿ ಬಂದ ಆ ಅಂಕಿಯೂ ಐಕಳದ ಅಂಕಿಯೂ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ವ್ಯತ್ಯಾಸವಿರುವುದು ಅಂಕಿಯಲ್ಲಿ ಅಲ್ಲ. ಬೋಲ್ಟ್ ಒಬ್ಬನೇ ಓಡಿದ, ಗೌಡರ ಮುಂದೆ ಎರಡು ಕೋಣಗಳು ಎಳೆಯುತ್ತಿದ್ದವು, ಪಾದದ ಕೆಳಗೆ ಕೆಸರಿತ್ತು. ಆಗ ಭಾರತದ 100 ಮೀಟರ್ ರಾಷ್ಟ್ರೀಯ ದಾಖಲೆ 2016ರಲ್ಲಿ ಅಮಿಯ ಕುಮಾರ್ ಮಲ್ಲಿಕ್ ಓಡಿದ 10.26 ಸೆಕೆಂಡು ಆಗಿತ್ತು ಎಂಬುದನ್ನು ನೆನೆದರೆ ಕೋಣಗಳ ಪಾಲು ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಹಾಗೆಂದು ಓಟಗಾರನ ಸಾಧನೆ ಕಿರಿದಾಗುವುದಿಲ್ಲ. ಅಷ್ಟು ವೇಗದ ಕೋಣಗಳ ಹಿಂದೆ ಕೆಸರಿನಲ್ಲಿ ಬೀಳದೆ ಕೊನೆ ಮುಟ್ಟುವವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಮಂದಿ, ಅವರೆಲ್ಲ ಈ ಕರಾವಳಿಯವರು.

ನಂತರ

2020ರ ಮಾರ್ಚ್ ಕೊನೆಗೆ ಕೋವಿಡ್‌ನಿಂದ ದೇಶಕ್ಕೆ ಬೀಗ ಬಿತ್ತು, ಟೋಕಿಯೊ ಒಲಿಂಪಿಕ್ಸ್ ಮುಂದಕ್ಕೆ ಹೋಯಿತು, ಕಂಬಳದ ಸುದ್ದಿಯೂ ತಣ್ಣಗಾಯಿತು. ಮುಂದಿನ ಋತು ತಡವಾಗಿ ಶುರುವಾದರೂ 2021ರ ಮಾರ್ಚಿನಲ್ಲಿ ಕಕ್ಯಪದವಿನ ಸತ್ಯ–ಧರ್ಮ ಕಂಬಳದಲ್ಲಿ ಶ್ರೀನಿವಾಸ ಗೌಡರು 125 ಮೀಟರನ್ನು 11.21 ಸೆಕೆಂಡಿನಲ್ಲಿ ಓಡಿದರು. 100 ಮೀಟರಿಗೆ 8.96 ಎಂದು ಮತ್ತೆ ಲೆಕ್ಕ ಹಾಕಲಾಯಿತು, ಹಿಂದಿನ ವರ್ಷದ ಎಲ್ಲ ಅಂಕಿಗಳೂ ಹಿಂದೆ ಬಿದ್ದವು. ಒಂದೇ ವರ್ಷದಲ್ಲಿ ಅರ್ಧ ಸೆಕೆಂಡಿಗಿಂತ ಹೆಚ್ಚಿನ ಇಳಿಕೆ ಬೇರೆ ಯಾವ ವೇಗದ ಓಟದಲ್ಲೂ ಊಹಿಸಲಾಗದ್ದು. ಕರೆಯ ಉದ್ದ, ನೀರಿನ ಆಳ, ಮಣ್ಣಿನ ಹದ ಊರಿಂದೂರಿಗೆ ಬೇರೆಯಾಗಿರುವಾಗ ಒಂದು ಕರೆಯ ಸಮಯವನ್ನು ಇನ್ನೊಂದರ ಪಕ್ಕ ಇಡುವುದು ಕಷ್ಟ. 2022ರಲ್ಲಿ ಸಮಯದ ದಾಖಲೆಗಳ ಬಗ್ಗೆ ಕಂಬಳ ವಲಯದೊಳಗಿನಿಂದಲೇ ತಕರಾರು ಎದ್ದು ಪೊಲೀಸ್ ದೂರಿನ ತನಕ ಹೋಯಿತು. ಅಳತೆಗೆ ಒಂದೇ ಕ್ರಮ ಬೇಕೆಂಬ ಬೇಡಿಕೆ ಹಳೆಯದು, ನ್ಯಾಯವಾದದ್ದು ಕೂಡ.

2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕರ್ನಾಟಕದ ತಿದ್ದುಪಡಿ ಕಾಯ್ದೆಯನ್ನು ಎತ್ತಿಹಿಡಿದು ಕಾನೂನಿನ ತೊಡಕನ್ನು ಬಿಡಿಸಿತು. ಅದೇ ತಿಂಗಳು ಪುತ್ತೂರಿನ ಶಾಸಕರಾಗಿ ಆಯ್ಕೆಯಾದ ಅಶೋಕ್ ಕುಮಾರ್ ರೈ ಅವರ ಮುಂದಾಳತ್ವದಲ್ಲಿ ನವೆಂಬರ್ 25 ಮತ್ತು 26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆಯಿತು. ಕೋಣಗಳು ಲಾರಿಗಳಲ್ಲಿ ಘಟ್ಟ ಹತ್ತಿದವು. ಅಲ್ಲಿ ಕಟ್ಟಿದ ಕರೆಯ ಉದ್ದ ಸುಮಾರು 155 ಮೀಟರ್, ಐಕಳಕ್ಕಿಂತ ಹನ್ನೆರಡೂವರೆ ಮೀಟರ್ ಹೆಚ್ಚು.